ಕಿಟಕಿ ಮೂಲೆಯ ಪಾಕೆಟ್

ಕೆರೆ ಏರಿ, ಕಾಲುವೆಗಳ ಮಟ್ಟ ನೋಡುವುದೇ ಓವರ್‌ಸೀಯರ್ ಆಗಿದ್ದ ನನ್ನ ಕೆಲಸ. ಪಾವಗಡದ ಬಿಸಿಲಲ್ಲಿ ವಾರವೆಲ್ಲ ಅಳೆದು, ಶನಿವಾರ ಮಧುಗಿರಿಗೆ ಬಂದವನೇ ಕ್ಲಬ್ಬಿನ ಸ್ನೂಕರ್ ಮೇಜಿಗೆ ಹಾಜರಾಗುತ್ತಿದ್ದೆ. ಕಿಟಕಿ ಕಡೆಯ ಮೂಲೆಯ ಪಾಕೆಟ್ಟಿಗೆ ನಾನು ಹೊಡೆದ ಚೆಂಡು ತಪ್ಪಿದ್ದೇ ಕಡಿಮೆ. ಕೈ ಪಳಗಿದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಶನಿವಾರ ಸಂಜೆ, ಕುರ್ಚಿ ರಿಪೇರಿಗೆಂದು ಶಿರಾದಿಂದ ಬಂದಿದ್ದ ಬಡಗಿ ಸಾಬರು ನನ್ನ ಆಟವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಬಿಳಿ ಚೆಂಡನ್ನು ಮೇಜಿನ ನಡುವೆ ಇಟ್ಟು ಕೈ ಬಿಟ್ಟರು. ಅದು ಯಾರ ಹಂಗೂ ಇಲ್ಲದೆ ನಿಧಾನವಾಗಿ ಉರುಳಿ ಹೋಗಿ ಕಿಟಕಿ ಮೂಲೆಯ ಪಾಕೆಟ್ಟಿಗೆ ಬಿತ್ತು.

“ಮೇಜು ವಾಲೈತೆ ಸಾಮಿ. ಏರಿ ಮಟ್ಟ ನೋಡೋರು ನೀವು, ಇದು ಕಾಣ್ಲಿಲ್ವಾ?”

ನನ್ನ ಕಿವಿ ಬಿಸಿಯಾಯಿತು. “ಹಂಗಾದ್ರೆ ನಂದೆಲ್ಲ ಬರೀ ಅದೃಷ್ಟ ಅಂತೀರಾ ಸಾಬ್ರೇ?”

“ಛೆ ಛೆ, ಅರ್ಧ ದಾರಿ ನೀವೇ ಹೊಡೀತೀರಿ. ಮಿಕ್ಕಿದ್ದು ನಸೀಬು,” ಎಂದು ಸಮಾಧಾನ ಹೇಳಿ, “ಕಾಲಿಗೆ ಒಂದು ಬೆಣೆ ಕೊಟ್ಬುಡ್ಲಾ?” ಎಂದರು.

ಮರುದಿನ ತಾಲ್ಲೂಕಿನ ಅಮಲ್ದಾರರ ಜೊತೆ ನನ್ನ ಪಂದ್ಯವಿತ್ತು. ಗೆಲ್ಲುತ್ತೇನೆಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದೆ. ದನಿ ತಗ್ಗಿಸಿ, “ನಾಳೆ ಆಟ ಮುಗೀಲಿ, ಸೋಮವಾರ ಕೊಡಿ,” ಎಂದೆ.

ಸಾಬರು ಗಡ್ಡದೊಳಗೇ ನಕ್ಕರು. “ಬೆಳಿಗ್ಗೆ ಅಮಲ್ದಾರ್ ಸಾಹೇಬ್ರಿಗೂ ತೋರಿಸ್ದೆ ಸಾಮಿ. ಅವರೂ ಸೋಮವಾರಾನೇ ಅಂದ್ರು.”

ಪಂದ್ಯ ಬಹಳ ಸೊಗಸಾಗಿ ನಡೆಯಿತು. ಮಿಕ್ಕ ಐದು ಪಾಕೆಟ್ಟುಗಳ ಕಡೆ ಇಬ್ಬರೂ ತಿರುಗಿ ಕೂಡ ನೋಡಲಿಲ್ಲ.