ನಾಲ್ಕು ದಿನ ಹಾಲು ಬೇಡ ಅಂದ ಮೊಮ್ಮಗಳು

ಮೂವತ್ತು ವರ್ಷದಿಂದ ರೇಷ್ಮೆ ಹುಳ ಸಾಕ್ತಾ ಇದೀನಿ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು, ಯಾಕಂದ್ರೆ ನಾನು ಮಾಡಿದ ಘನಂದಾರಿ ಕೆಲಸಕ್ಕೆ ಆ ಮೂವತ್ತು ವರ್ಷದ ಜಂಬವೇ ಕಾರಣ. ಕೆಂಚಾರ್ಲಹಳ್ಳಿ ಸುತ್ತಮುತ್ತ ಯಾರ ಮನೇಲಾದ್ರೂ ಹುಳ ಸರಿಯಾಗಿ ಮೇಯ್ತಿಲ್ಲ ಅಂದ್ರೆ ಈಗಲೂ ನನಗೆ ಫೋನ್ ಬರುತ್ತೆ. ಹೋಗಿ ನೋಡ್ತೀನಿ, ಮುಖ ಸಿಂಡರಿಸ್ತೀನಿ, "ಕ್ಲೀನಿಲ್ಲ ಕಣಮ್ಮ, ಕ್ಲೀನಿಲ್ಲ" ಅಂತ ನಾಲ್ಕು ಮಾತು ಬೈದು, ಅವರು ಕೊಟ್ಟ ಕಾಫಿ ಕುಡಿದು ವಾಪಸ್ ಬರ್ತೀನಿ.

ನಮ್ಮ ಹುಳುಮನೆ ಅಂಗಳದ ಆ ಕಡೆಗಿದೆ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬಕೆಟ್ ಸದಾ ಇರುತ್ತೆ. ಒಳಗೆ ಕಾಲಿಡೋರು ಯಾರೇ ಆಗ್ಲಿ, ಕೈಕಾಲು ಅದರಲ್ಲಿ ಅದ್ದಿಕೊಂಡೇ ಹೋಗಬೇಕು. ಹುಳಕ್ಕೆ ಒಂದು ಸಲ ರೋಗ ಹತ್ತಿದ್ರೆ ಇಡೀ ಬೆಳೆ ಗುಡಿಸಿ ಗುಂಡಿಗೆ ಹಾಕಬೇಕಾಗುತ್ತೆ. ನಮ್ಮನೆಯವರನ್ನೂ ನಾನು ಹಾಗೆಲ್ಲ ಒಳಗೆ ಬಿಡೋಳಲ್ಲ.

ಮಗಳು ಚೊಚ್ಚಲ ಬಾಣಂತನಕ್ಕೆ ಗೌರಿಬಿದನೂರಿಂದ ನಮ್ಮನೆಗೆ ಬಂದಿದ್ಲು. ಅವಳು ಬ್ಯಾಂಕಲ್ಲಿ ಕೆಲಸ ಮಾಡೋಳು, ಎಲ್ಲಕ್ಕೂ ಲೆಕ್ಕ ಇಟ್ಟುಕೊಂಡೇ ಬರೋಳು. "ಆರು ತಿಂಗಳು ನನ್ನ ಹಾಲು ಬಿಟ್ರೆ ಇನ್ನೇನೂ ಕೊಡಲ್ಲ ಕಣಮ್ಮ. ಜೇನು, ಸಕ್ಕರೆ ನೀರು ಅಂತ ನೀನು ಬಂದೀಯ ಜೋಕೆ" ಅಂತ ಮೊದಲ ದಿನವೇ ನನಗೆ ಎಚ್ಚರಿಕೆ ಕೊಟ್ಟಿದ್ಲು. ಮೂರು ತಿಂಗಳು ಎಲ್ಲಾ ಚೆನ್ನಾಗಿತ್ತು. ಮೊಮ್ಮಗಳು ಹಾಲು ಕುಡಿಯೋ ಸದ್ದು ನಡುಮನೆಗೆ ಕೇಳಿಸ್ತಿತ್ತು. ಕುಡಿದು, ತೇಗಿ, ಕಣ್ಣು ಮೇಲೆ ಹಾಕಿ ಮಲಗಿಬಿಡೋಳು. ನೋಡೋಕೆ ಎರಡು ಕಣ್ಣು ಸಾಲ್ತಿರಲಿಲ್ಲ.

ಆಮೇಲೆ ಊರಲ್ಲಿ ನೆಗಡಿ ಕೆಮ್ಮು ಶುರುವಾಯ್ತು. ಅದೇ ವಾರ ನಮಗೆ ಹೊಸ ಚಾಕಿ ಹುಳ ಬಂತು, ಇನ್ನೂ ಎಳೇ ಹುಳ. ಹುಳುಮನೆ ಬಾಗಿಲಿಗೆ ಬಕೆಟ್ ಇಡೋವಾಗ ನನ್ನ ತಲೇಲಿ ಭಾರಿ ಐಡಿಯಾ ಹೊಳೀತು. ಇನ್ನೊಂದು ಬಕೆಟ್ ಕಲಸಿ ಬಾಣಂತಿ ಕೋಣೆ ಬಾಗಿಲಿಗೂ ಇಟ್ಟೆ. ಯಾರೇ ಮಗು ನೋಡೋಕೆ ಬಂದ್ರೂ ಕೈ ಅದ್ದಬೇಕು. ಮಗಳ ರವಿಕೆ, ಟವೆಲ್ಲು, ಎಲ್ಲಾ ಅದೇ ನೀರಲ್ಲಿ ನೆನೆಸಿ ಒಗೆದೆ. ಹಾಲು ಕೊಡೋಕೆ ಮುಂಚೆ ಅದರಲ್ಲೇ ಬಟ್ಟೆ ಹಿಂಡಿ ಎದೆ ಒರೆಸ್ಕೋ ಅಂದೆ.

"ಅಮ್ಮ, ಇದು ಮಗು, ಹುಳ ಅಲ್ಲ" ಅಂದ್ಲು ಮಗಳು.

"ಹುಳಾನೇ ಹಿಂಗೆ ನೋಡ್ಕೋತೀನಿ, ಮೊಮ್ಮಗಳನ್ನ ಬಿಡ್ತೀನೇನೇ?" ಅಂದೆ. ಇಂಥ ಮಾತಿಗೆ ಅವಳು ಏನು ಹೇಳ್ತಾಳೆ? ಒರೆಸ್ಕೊಂಡ್ಲು.

ಮಾರನೇ ದಿನದಿಂದ ಮಗು ಹಾಲು ಬಿಟ್ಟಿತು. ಎದೆ ಹತ್ತಿರ ಹಿಡಿದ್ರೆ ಸಾಕು, ಮುಖ ಆ ಕಡೆ ತಿರುಗಿಸಿ, ಮೈಯೆಲ್ಲ ಸೆಟೆದುಕೊಂಡು, ಊರಿಗೆಲ್ಲ ಕೇಳೋ ಹಂಗೆ ಕಿರುಚೋದು. ನಾನು ಮಾತ್ರ ಗಾಬರಿ ಬೀಳಲಿಲ್ಲ. ಹುಳ ಬೆಳೆಯೋವಾಗ ನಡುನಡುವೆ ಒಂದು ದಿನ ಮೇವು ಬಿಟ್ಟು ತಲೆ ಎತ್ತಿ ಕೂತುಬಿಡುತ್ತೆ, ಅದಕ್ಕೆ ನಾವು ಜ್ವರಕ್ಕೆ ಕೂತಿದೆ ಅಂತೀವಿ. ಪೊರೆ ಬಿಟ್ಟು ಎದ್ದ ಮೇಲೆ ಎರಡರಷ್ಟು ಮೇಯುತ್ತೆ. "ಇದೂ ಹಂಗೇ ಜ್ವರಕ್ಕೆ ಕೂತಿದೆ ಕಣೇ, ನಾಳೆ ಎದ್ದು ನಿನ್ನ ಜೀವ ಹಿಂಡುತ್ತೆ ನೋಡು" ಅಂತ ಧೈರ್ಯ ಹೇಳಿದೆ. ಮಗಳು ನನ್ನ ಮುಖ ನೋಡಿದ ರೀತಿ ಈಗ ನೆನೆಸಿಕೊಂಡ್ರೆ ನಗು ಬರುತ್ತೆ. ಆಗ ಬರಲಿಲ್ಲ.

ಎರಡನೇ ದಿನವೂ ಅದೇ ಪಾಡು. ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ್ವಿ, ಮಗು ಇನ್ನೂ ಜೋರಾಗಿ ಕೆಮ್ಮಿತು. ಮಗಳಿಗೆ ಅವರೆಬೇಳೆ ಸಾರು ಕೊಟ್ಟಿದ್ದೇ ತಪ್ಪು, ಗ್ಯಾಸು ಅಂತ ನಮ್ಮನೆಯವರ ಮೇಲೆ ಹರಿಹಾಯ್ದೆ. ಅವರೇ ಅವರೆಕಾಯಿ ತಂದಿದ್ದು. ಡಬ್ಬಿ ಹಾಲಿನ ಪುಡಿಯೂ ಬಂತು. ಅದನ್ನ ಕಲಸಿ ಬಾಯಿಗಿಟ್ಟರೆ ನಾಲಗೆಯಲ್ಲಿ ಅಚ್ಚುಕಟ್ಟಾಗಿ ಹೊರಗೆ ತಳ್ಳಿತು. ಬಾಟಲಿಯ ರಬ್ಬರನ್ನ ಒಸಡಲ್ಲಿ ಕಚ್ಚಿ ಆಟ ಆಡಿತೇ ಹೊರತು ಒಂದು ಗುಟುಕು ಇಳಿಸಲಿಲ್ಲ.

ಮಗಳ ಎದೆ ಕಲ್ಲಾಗಿತ್ತು. ಮುಟ್ಟಿದ್ರೆ ಹಾ ಅನ್ನೋಳು. ಹಾಲು ಬತ್ತಿಹೋದ್ರೆ ಮತ್ತೆ ಬರುತ್ತೋ ಇಲ್ಲವೋ ಅನ್ನೋ ಭಯ ಅವಳಿಗೆ. ಅದಕ್ಕಿಂತ ದೊಡ್ಡ ಭಯ ಒಂದಿತ್ತು, ಅದನ್ನ ಗೋಡೆ ಕಡೆ ತಿರುಗಿಕೊಂಡು ಹೇಳಿದ್ಲು. "ನಿನ್ನ ಹತ್ರ ಸುಮ್ನಿರುತ್ತೆ, ಅಪ್ಪನ ಹತ್ರ ನಗುತ್ತೆ. ನನ್ನ ಹತ್ರ ಬಂದ್ರೆ ಮಾತ್ರ ಅಳುತ್ತೆ. ನಾನೇ ಬೇಡವಾಗಿದೀನಿ ಅದಕ್ಕೆ."

"ಥೂ, ಬಿಡ್ತು ಅನ್ನೇ" ಅಂತ ಗದರಿದೆ. ಬೆಳೆದ ಮಗಳು, ನಾಲ್ಕು ಜನಕ್ಕೆ ಬುದ್ಧಿ ಹೇಳೋಳು, ಮೂರು ತಿಂಗಳ ಕೂಸಿನ ಮುಂದೆ ಸೋತು ಕೂತಿದ್ಲು.

ಆವತ್ತೇ ಚಿಂತಾಮಣಿಗೆ ಮಕ್ಕಳ ಡಾಕ್ಟರ ಹತ್ರ ಹೋದ್ವಿ. ಆಯಮ್ಮ ಕಿವಿಗೆ ಲೈಟು ಬಿಟ್ಟು ನೋಡಿದ್ರು, ಬಾಯಿ ತೆಗೆಸಿದ್ರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ತೂಕ ಹಾಕಿದ್ರು. ಹುಣ್ಣಿಲ್ಲ, ಜ್ವರ ಇಲ್ಲ, ಮೂಗು ಕಟ್ಟಿಲ್ಲ. "ಬಲವಂತ ಮಾಡಬೇಡಿ. ಹಾಲು ಹಿಂಡಿ ತೆಗೆದು ಒಳಲೆಯಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ಆಗ ನಿಮ್ಮ ಹಾಲೂ ನಿಲ್ಲಲ್ಲ. ಉಚ್ಚೆ ಹೊಯ್ಯೋದು ಕಮ್ಮಿಯಾದ್ರೆ, ಮಂಕಾದ್ರೆ ತಕ್ಷಣ ಕರ್ಕೊಂಡು ಬನ್ನಿ" ಅಂದ್ರು. ಆಮೇಲೆ ಮಗಳನ್ನ ಕೇಳಿದ್ರು, "ಮನೇಲಿ ಏನಾದ್ರೂ ಹೊಸದಾಗಿ ಶುರು ಮಾಡಿದೀರಾ? ಸೋಪು, ಪೌಡರು, ಸೆಂಟು?"

ಮಗಳು ಬಾಯಿ ತೆಗೆಯೋಕೆ ಮುಂಚೆ ನಾನೇ ಹೇಳಿದೆ. "ಅಯ್ಯೋ, ನಮ್ಮದು ಹುಳ ಸಾಕೋ ಮನೆ ಡಾಕ್ಟ್ರೇ! ಸೆಂಟು ಗಿಂಟು ಹೊಸ್ತಿಲೇ ದಾಟಂಗಿಲ್ಲ. ನಮ್ಮಷ್ಟು ಕ್ಲೀನು ಯಾರೂ ಇಲ್ಲ."

ಎಷ್ಟು ಗತ್ತಿನಿಂದ ಹೇಳಿದೆ ಅಂದ್ರೆ ಡಾಕ್ಟರೂ ಸುಮ್ಮನಾದ್ರು. ನಾನೇನು ಸುಳ್ಳು ಹೇಳಲಿಲ್ಲ. ಬ್ಲೀಚಿಂಗ್ ಪೌಡರಿನ ನಾತ ನನಗೆ ನಾತ ಅಂತ ಅನ್ನಿಸೋದು ನಿಂತು ಎಷ್ಟೋ ವರ್ಷ ಆಗಿದೆ. ನನ್ನ ಮೂಗಿಗೆ ಅದು ಬರೀ ಗಾಳಿ.

ಒಳಲೆಯಲ್ಲಿ ಅರ್ಧ ಒಳಗೆ, ಅರ್ಧ ಕತ್ತಿಗೆ. ಹೆಂಗೋ ದಿನ ಹೋಯ್ತು. ಮೂರನೇ ದಿನ, ಚಿಂತಾಮಣಿಯಲ್ಲಿ ರೇಷ್ಮೆ ಗೂಡಿನ ವ್ಯಾಪಾರ ಮಾಡೋರ ಮನೆ ಹೆಂಗಸು, ನನ್ನ ಹಳೇ ಗೆಳತಿ, ವಿಷಯ ಕೇಳಿ ಫೋನ್ ಮಾಡಿದ್ಲು. "ಮುರುಗಮಲ್ಲ ದರ್ಗಾಕ್ಕೆ ಒಂದು ಸಲ ಬಂದು ಹೋಗಿ ಅಕ್ಕಾ. ದುವಾ ಮಾಡ್ಸಣ" ಅಂದ್ಲು. ಆವತ್ತು ಬೆಳಿಗ್ಗೇನೇ ಆಟೋ ಮಾಡಿಕೊಂಡು ಹೋದ್ವಿ. ಮಗಳು ಅವಸರಕ್ಕೆ ಬೀರುವಿನಲ್ಲಿದ್ದ ಹಳೇ ಸೀರೆ, ರವಿಕೆ ಹಾಕಿಕೊಂಡಿದ್ಲು. ಬಿಸಿಲಲ್ಲಿ ಕಾದು, ಬೆವೆತು, ಗೆಳತಿ ಪಕ್ಕದಲ್ಲಿ ಕೈ ಮುಗಿದು ಕೂತಿದ್ದು ಹೊರಟಾಗ ಮಧ್ಯಾಹ್ನ. ವಾಪಸ್ ಬರ್ತಾ ಆಟೋದಲ್ಲಿ ಮಗು ತಾನಾಗೇ ಸೆರಗಿನೊಳಗೆ ಮುಖ ತೂರಿಸಿತು. ಪಚಕ್ ಪಚಕ್ ಅಂತ ಸದ್ದು! ಮಗಳು ಉಸಿರು ಬಿಡದೆ ಕೂತಿದ್ಲು. ನಾನು ಆಟೋದವನಿಗೆ "ನಿಧಾನಕ್ಕೆ ಹೋಗಪ್ಪಾ, ಗುಂಡಿ ನೋಡ್ಕೊಂಡು ಹೋಗಪ್ಪಾ" ಅಂತ ಬೇಡಿಕೊಂಡೆ.

ಮನೆಗೆ ಬಂದ ಸಂಭ್ರಮದಲ್ಲಿ ನಾನು ಮಾಡಿದ್ದೇನು? "ಅಷ್ಟು ಜನರ ಮಧ್ಯೆ ಹೋಗಿ ಬಂದಿದೀಯ, ಚೆನ್ನಾಗಿ ಒರೆಸ್ಕೊಳ್ಳೇ" ಅಂತ ಹೊಸದಾಗಿ ಪೌಡರ್ ಹಾಕಿ, ಒಂದು ಮುಷ್ಟಿ ಜಾಸ್ತೀನೇ ಹಾಕಿ, ಬಕೆಟ್ ಕಲಸಿಕೊಟ್ಟೆ. ಸಂಜೆಗೆ ಮಗು ಮತ್ತೆ ಶುರು ಹಚ್ಚಿಕೊಳ್ತು. ಮಗಳು ಅಳೋದನ್ನೂ ಬಿಟ್ಟಿದ್ಲು. ಹಾಲು ಹಿಂಡಿ ಲೋಟಕ್ಕೆ ತೆಗೀತಾ, "ಇನ್ನೆಷ್ಟು ದಿನ ಹಿಂಗೆ ತೆಗೆಯೋಕಾಗುತ್ತಮ್ಮ?" ಅಂದ್ಲು.

ನಾಲ್ಕನೇ ದಿನ ಬೆಳಿಗ್ಗೆ ಹುಳುಮನೇಲಿ ಸೊಪ್ಪು ಹಾಕ್ತಿದ್ದೆ. ನಮ್ಮನೆಯವರು ಮಂಡಿನೋವು ಅಂತ ಕುಂಟುತ್ತಾ ಸೊಪ್ಪಿನ ಹೊರೆ ತಗೊಂಡು ಒಳಗೆ ಬಂದ್ರು. ಬಂದಿದ್ದೇ ತಡ, ಗಮ್ ಅಂತ ಹೊಡೀತು ನೋವಿನ ಮುಲಾಮು.

"ದೇವುಡಾ! ನಡೀರಿ ಆಚೆ! ಆ ಕೈಯಲ್ಲಿ ಸೊಪ್ಪು ಮುಟ್ಟಿದ್ರಾ? ಇನ್ನು ಹುಳ ಅದರ ಹತ್ರ ಹೋಗುತ್ತಾ? ವಾಸನೆ ಹತ್ತಿದ್ರೆ ಹಸಿದು ಸತ್ರೂ ತಿನ್ನಲ್ಲ ಅವು, ಇಷ್ಟು ವರ್ಷ ಆಯ್ತು, ಅಷ್ಟೂ ಗೊತ್ತಾಗಲ್ವಾ ನಿಮಗೆ?"

ನಮ್ಮನೆಯವರು ಜಾಸ್ತಿ ಮಾತಾಡೋರಲ್ಲ. ಹೊರೆ ಇಳಿಸಿ, ಬಾಗಿಲಾಚೆ ನಿಂತು, ಬಕೆಟ್ಟಿನ ಕಡೆ ಒಂದು ಸಲ ನೋಡಿದ್ರು. "ಅಲ್ವೇ, ಹುಳಕ್ಕೇ ಇಷ್ಟು ವಾಸನೆ ಗೊತ್ತಾಗುತ್ತೆ ಅಂದ್ರೆ, ಮಗೂಗೆ ಗೊತ್ತಾಗಲ್ವಾ? ನೀನು ಮಗಳ ಮೈಯೆಲ್ಲ ಹುಳುಮನೆ ನಾತ ಮಾಡಿಟ್ಟಿದೀಯಲ್ಲ."

ಕೈಯಲ್ಲಿದ್ದ ಸೊಪ್ಪು ಹಂಗೇ ನಿಂತುಹೋಯ್ತು. ಆಟೋ, ಹಳೇ ರವಿಕೆ, ಆ ಒಂದು ಮುಷ್ಟಿ ಜಾಸ್ತಿ ಪೌಡರು, ಎಲ್ಲಾ ಒಟ್ಟಿಗೇ ತಲೆಗೆ ಬಂತು. ಅಂಗಳ ದಾಟಿ ಓಡಿದೆ. ಈ ವಯಸ್ಸಲ್ಲಿ ನಾನು ಓಡಿದ್ದನ್ನ ನೋಡಿ ಎದುರುಮನೆಯವರು ಹಾವು ಬಂತೇನೋ ಅಂತ ಕೋಲು ಹಿಡ್ಕೊಂಡು ಹೊರಗೆ ಬಂದ್ರು. ಬಾಣಂತಿ ಕೋಣೆ ಬಾಗಿಲಲ್ಲಿದ್ದ ಬಕೆಟ್ ಎತ್ತಿ ಚರಂಡಿಗೆ ಸುರಿದೆ. ಮಗಳಿಗೆ ಬರೀ ಬಿಸಿನೀರಲ್ಲಿ ಸ್ನಾನ ಮಾಡಿಸಿದೆ, ಸೋಪೂ ಇಲ್ಲ. ನನ್ನ ಬಕೆಟ್ ಕಾಣದಿದ್ದ ಒಂದು ಹಳೇ ನೈಟಿ ಹುಡುಕಿ ಕೊಟ್ಟೆ.

"ಏನಮ್ಮ ಇದು? ಏನಾಯ್ತು?" ಅಂತ ಕೇಳ್ತಾನೇ ಇದ್ಲು.

ಹೇಳದೇ ಇರಬಹುದಾಗಿತ್ತು. ದರ್ಗಾದ ದುವಾ, ಇಳಿ ತೆಗೆದ ಮೆಣಸಿನಕಾಯಿ, ಯಾವುದರ ಹೆಸರಾದ್ರೂ ಹೇಳಿದ್ರೆ ನಡೀತಿತ್ತು. ಆದ್ರೆ ಅವಳು ಗೋಡೆ ಕಡೆ ತಿರುಗಿಕೊಂಡು ಆಡಿದ ಮಾತು ನೆನಪಾಯ್ತು. ಹೇಳಿಬಿಟ್ಟೆ. "ನನ್ನಿಂದಲೇ ಆಗಿದ್ದು ಕಣಮ್ಮ. ನಿನ್ನ ಮೈವಾಸನೆಯನ್ನೇ ತೊಳೆದು ಹಾಕಿಬಿಟ್ಟೆ ನಾನು. ಮಗೂಗೆ ನಿನ್ನ ಗುರುತು ಸಿಗಲಿಲ್ಲ."

ಅವಳು ಬೈತಾಳೆ ಅಂತ ಕಾದೆ. ಅವಳು ಮಗೂನ ಎತ್ತಿಕೊಂಡು ಜಗಲಿ ಮೇಲೆ ಕೂತಳು. ಮಗು ಮೊದಲು ಮುಖ ತಿರುಗಿಸಿತು. ಆಮೇಲೆ ಮೂಗನ್ನ ಅವಳ ಕತ್ತಿಗೆ, ಭುಜಕ್ಕೆ ಉಜ್ಜಿಕೊಂಡು, ಉಂ ಉಂ ಅನ್ನುತ್ತಾ, ಕೆಳಗೆ ಇಳಿದು ಇಳಿದು, ಬಾಯಿ ಹಾಕಿತು ನೋಡಿ! ನಾಲ್ಕು ದಿನದ ಸಾಲವನ್ನೆಲ್ಲ ಒಂದೇ ಸಲಕ್ಕೆ ವಸೂಲಿ ಮಾಡೋ ಹಂಗೆ ಎಳೀತು. ಮಗಳ ಕಣ್ಣಲ್ಲಿ ದಳದಳ ನೀರು.

"ಅಂದ್ರೆ ನಾಲ್ಕು ದಿನದಿಂದ ಇದು ನನ್ನನ್ನೇ ಕೇಳ್ಕೊಂಡು ಅಳ್ತಿತ್ತಾ ಅಮ್ಮ?" ಅಂದ್ಲು.

"ಹೂಂ ಕಣಮ್ಮ" ಅಂದೆ. ಮೊಮ್ಮಗಳ ತಲೆ ಸವರೋಣ ಅಂತ ಕೈ ಚಾಚಿದೆ, ನನ್ನ ಕೈಯ ನೆನಪಾಗಿ ಹಿಂದಕ್ಕೆ ತಗೊಂಡೆ. ಎಷ್ಟು ತೊಳೆದ್ರೂ ಹುಳುಮನೆ ನಾತ ಹೋಗದ ಕೈ ಇದು. ಮಗಳು ಅದನ್ನ ನೋಡಿಬಿಟ್ಟಳು. ನನ್ನ ಕೈ ಹಿಡಿದು ಎಳೆದು ತಾನೇ ಮಗೂನ ತಲೆ ಮೇಲೆ ಇಟ್ಲು. ಮಗು ಒಂದು ಸಲ ಕಣ್ಣು ಬಿಟ್ಟು ನನ್ನ ನೋಡಿತು, ಹಾಲು ಬಿಡಲಿಲ್ಲ.