ಹಲಗೆಯ ಮೇಲೆ ಥಳಿ

ನಮ್ಮ ಬೆಟಗೇರಿಯ ಮನೆಯ ಮುಂದೆ ಒಂದು ಮರದ ಕಟ್ಟೆ ಇದೆ. ಅದನ್ನು ತಿಕ್ಕುವುದು ನನ್ನ ಭಾನುವಾರದ ಪೂಜೆ. ದೇವರಿಗೆ ಇಷ್ಟು ಸೇವೆ ಮಾಡಿದ್ದರೆ ಅವನೇ ಬಂದು ನನ್ನ ಕೈಯಿಂದ ಬ್ರಷ್ ಕಸಿದುಕೊಂಡು ಮಲಗಲು ಕಳಿಸುತ್ತಿದ್ದ. ಹಲಗೆಗಳ ಸಂದಿಯಲ್ಲಿ ಕೂತ ಮಣ್ಣನ್ನು ಹಳೆಯ ಚಮಚೆಯ ಹಿಡಿಕೆಯಿಂದ ಕೆದರಿ ತೆಗೆಯಬೇಕು. ನಮ್ಮ ಎರೆಮಣ್ಣು ಒಮ್ಮೆ ನೆನೆದು ಒಣಗಿತೆಂದರೆ ಸಿಮೆಂಟಿನ ಅಪ್ಪ. ಆಮೇಲೆ ತೆಂಗಿನ ನಾರಿನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಬಿಡಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಯಾದ ಮೇಲೆ ಒಮ್ಮೆ ಅಗಸೆ ಎಣ್ಣೆ ಕುಡಿಸಬೇಕು. ವಾರವಿಡೀ ಶಾಲೆಯಲ್ಲಿ ಮಕ್ಕಳ ಜೊತೆ ಒದರಿ ಬಂದವಳು ನಾನು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ.

ಈ ಕಡೆ ಮನೆ ಮುಂದೆ ಕಲ್ಲಿನ ಕಟ್ಟೆ ಇರುತ್ತದೆ, ಮರದ್ದು ಯಾರೂ ಮಾಡಿಸುವುದಿಲ್ಲ. ನಮ್ಮದು ಅತ್ತೆಗಾಗಿ ಆದದ್ದು. ಸೊಂಟದ ಎಲುಬು ಮುರಿದುಕೊಂಡ ಮೇಲೆ ಅವರು ಸೊರಟೂರಿನಿಂದ ನಮ್ಮಲ್ಲಿಗೆ ಬಂದರು. ನಮ್ಮ ಮನೆಗೋ ಎತ್ತರದ ಪಾಯ, ಕಡಿದಾದ ಮೆಟ್ಟಿಲು. ಇಳಿಯಲಾಗದೆ ಕಿಟಕಿ ಹಿಡಿದು ಕೂತುಬಿಟ್ಟರು. ಅದೇ ಹೊತ್ತಿಗೆ ಸೊರಟೂರಿನಲ್ಲಿ ಮೈದುನ ಹಲಗೆಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಬಿಚ್ಚಿಸಿ ಸ್ಲ್ಯಾಬು ಹಾಕಿಸುತ್ತಿದ್ದ. ನನ್ನ ಗಂಡ ಆ ಮಾಳಿಗೆಯ ಹಳೆಯ ಹಲಗೆಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿ, ಹೊಸ್ತಿಲಿನ ಮಟ್ಟಕ್ಕೇ, ವಾಕರ್ ಹಿಡಿದು ತಿರುಗಾಡುವಷ್ಟು ಅಗಲಕ್ಕೆ ಕಟ್ಟೆ ಮಾಡಿಸಿದರು. ತುಳಸಿಯನ್ನೂ ಕುಂಡದಲ್ಲಿ ಮೇಲೆ ತಂದಿಟ್ಟರು. ಅತ್ತೆ ಹೊರಗೆ ಬಂದು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣು ಹಾಯಿಸಿ, "ಈಗ ಉಸಿರಾಡಿದಂಗಾತು ನೋಡವಾ" ಎಂದು ಕುರ್ಚಿಯಲ್ಲಿ ಕೂತರು.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಹೊಸ ಕಟ್ಟೆಯ ತುಂಬ ಸೆಗಣಿ ನೀರು. ಅತ್ತೆ ಥಳಿ ಹೊಡೆದಿದ್ದರು. ಬೆಳಕು ಹರಿಯುವ ಮುಂಚೆ ಮನೆ ಮುಂದಿನ ನೆಲಕ್ಕೆ ಸೆಗಣಿ ಕದಡಿದ ನೀರು ಎರಚಿ, ರಂಗೋಲಿ ಹಾಕುವುದು ನಮ್ಮಲ್ಲಿ ಹೆಂಗಸರ ದಿನದ ಮೊದಲ ಕೆಲಸ. ನೆಲಕ್ಕೆ ಅದು ಒಳ್ಳೆಯದು, ಧೂಳು ಕೂರುತ್ತದೆ. ಇದು ಮರ.

"ಅತ್ತೀ, ಹಲಗಿಗೆ ಯಾರರ ಥಳಿ ಹೊಡೀತಾರೇನ್ರಿ?" ಎಂದೆ.

"ಹೊಸ್ತಿಲದ ಮುಂದ ಏನೈತಿ ಅದಕ್ಕ ಥಳಿ. ನೆಲ ಇದ್ರ ನೆಲಕ್ಕ, ಹಲಗಿ ಇದ್ರ ಹಲಗಿಗೆ. ಥಳಿ ಇಲ್ಲದ ಮನಿಗೆ ಲಕ್ಷ್ಮಿ ಹಾಯಂಗಿಲ್ಲ."

ಸೆಗಣಿ ಎಲ್ಲಿಯದೆಂದು ವಿಚಾರಿಸಿದರೆ, ಎದುರುಮನೆಯ ಎಮ್ಮೆಯವಳು ಹಿಂದಿನ ಸಂಜೆಯೇ ಕೊಟ್ಟು ಹೋಗಿದ್ದಳು. ಇವರಿಬ್ಬರ ಸಂಧಾನ ನನಗೆ ಗೊತ್ತೇ ಆಗಿರಲಿಲ್ಲ.

ಅಂದಿನಿಂದ ಅವರು ದಿನಾ ಎರಚುವುದು, ನಾನು ವಾರಕ್ಕೊಮ್ಮೆ ತಿಕ್ಕುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆ ಹಲಗೆಗಳು ಹುಟ್ಟಿದಾಗಿನಿಂದ ಮಾಳಿಗೆಯ ಮಣ್ಣಿನಡಿ ಒಣಗಿ ಕೂತವು, ನೀರು ಕಂಡವಲ್ಲ. ಮೊದಲ ಮಳೆಗಾಲಕ್ಕೆ ಕಪ್ಪಾದವು, ಮುಂದಿನದಕ್ಕೆ ಅಂಚು ಮೆತ್ತಗಾದವು. ನನಗೆ ಸಿಟ್ಟು ಬರುತ್ತಿತ್ತು, ಬಾಯಿಗೆ ಬಂದದ್ದನ್ನು ನುಂಗುತ್ತಿದ್ದೆ. ಏಕೆಂದರೆ ಆ ಹೊತ್ತಿನಲ್ಲಿ ಅವರನ್ನು ನೋಡಬೇಕು. ವಾಕರಿಗೆ ಸಣ್ಣ ಬಕೆಟ್ಟು ತಗುಲಿಸಿಕೊಂಡು, ಸೆರಗು ಸಿಕ್ಕಿಸಿ, ಬೊಗಸೆ ತುಂಬ ನೀರನ್ನು ಓಣಿಗೆಲ್ಲ ಕೇಳುವಂತೆ ಚಟ್ಟನೆ ಹೊಡೆಯುತ್ತಿದ್ದರು. ಅಡುಗೆ ನನ್ನದು, ಬಟ್ಟೆ ಮಷೀನಿನದು. ಈ ಮನೆಯಲ್ಲಿ ಅವರ ಪಾಲಿಗೆ ಇದ್ದ ಕೆಲಸ ಅದೊಂದೇ.

ಹೋದ ಶ್ರಾವಣದಲ್ಲಿ ಒಂದು ಹಲಗೆ ಮುರಿದು ನನ್ನ ಗಂಡನ ಹಿಮ್ಮಡಿ ಒಳಗೆ ಹೋಯಿತು. ಬರೀ ತರಚಿತು. ಆದರೆ ಅಲ್ಲಿ ಅತ್ತೆ ಕಾಲಿಟ್ಟಿದ್ದರೆ? ಇನ್ನೊಂದು ಸಲ ಸೊಂಟ ಮುರಿದರೆ ಏಳುವ ಮಾತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಂದೇ ಗಂಡ ತಾಯಿಯ ಮುಂದೆ ಕೂತು ಹೇಳಿದರು: "ಯವ್ವಾ, ನಾಳಿಂದ ಥಳಿ ಬ್ಯಾಡ. ಹಲಗಿ ಗಟ್ಟಿ ಇದ್ರ ನೀ ಹೊರಗ ಅಡ್ಡಾಡ್ತಿ. ಇಲ್ಲಂದ್ರ ಮತ್ತ ಆ ಕಿಡಕಿನ ಗತಿ."

ಅತ್ತೆ ವಾದಿಸಲಿಲ್ಲ. "ಆತು ಬಿಡಪಾ" ಎಂದರು. ಖರೆ ಹೇಳಬೇಕೆಂದರೆ ನನಗೆ ಹಬ್ಬವಾಯಿತು. ಮುರಿದ ಹಲಗೆ ಬದಲಾಯಿಸಿದೆವು. ನಾನು ಕಪ್ಪನ್ನೆಲ್ಲ ಉಜ್ಜಿ ತೆಗೆದು ಎಣ್ಣೆ ಕುಡಿಸಿದೆ. ಮರ ಬೆಲ್ಲದ ಬಣ್ಣಕ್ಕೆ ತಿರುಗಿತು. ಎದುರುಮನೆಯವಳು, "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನಿನ್ನ ಕಾಲ ಬಂತು ನೋಡವಾ" ಎಂದು ಚೇಷ್ಟೆ ಮಾಡಿದಳು. ನಾನೂ ನಕ್ಕೆ.

ಅತ್ತೆ ಹೊರಗೆ ಬರುವುದು ಕಡಿಮೆಯಾಯಿತು. ಕತ್ತಲಿರುವಾಗಲೇ ಏಳುತ್ತಿದ್ದವರು, ನಾನು ಶಾಲೆಗೆ ಹೊರಡುವಾಗಲೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. "ಎಳಿಬಿಸಲು ಐತಿ, ಬರ್ರಿ, ಕಟ್ಟಿ ಎಷ್ಟ ಚಂದ ಆಗೈತಿ" ಎಂದು ಕರೆದರೆ, "ಅಲ್ಲಿ ಬಂದು ನಾ ಏನ್ ಮಾಡ್ಲಿ? ಸುಮ್ನ ಕುಂಡ್ರಾಕ ಹಾಸಗಿನ ಸಾಕು" ಎನ್ನುತ್ತಿದ್ದರು. ವಾಕರ್ ಮಂಚಕ್ಕೆ ಒರಗಿದ್ದು ಒರಗಿಯೇ ಇರುತ್ತಿತ್ತು. ಅವರು ನಡೆಯಲೆಂದು ಉಳಿಸಿಕೊಂಡ ಕಟ್ಟೆಯ ಮೇಲೆ ಓಣಿಯ ಕೋಳಿಗಳು ನಡೆದಾಡಿದವು. ಅವುಗಳ ಹಿಕ್ಕೆಯನ್ನೂ ನಾನೇ ಒರೆಸಿದೆ.

ಚಳಿ ಶುರುವಾಗುವ ಹೊತ್ತಿಗೆ ನಾನು ಸೋತೆ. ಗಂಡನನ್ನು ಕೇಳಲಿಲ್ಲ. ಒಂದು ಬೆಳಿಗ್ಗೆ ಬಕೆಟ್ಟಿನಲ್ಲಿ ಸೆಗಣಿ ಕದಡಿ ತಂದು ಅತ್ತೆಯ ಮಂಚದ ಹತ್ತಿರ ಇಟ್ಟೆ. "ಏಳ್ರಿ, ಥಳಿ ಹೊಡ್ಯಾಕ ಹೊತ್ತಾತು."

"ಹಲಗಿ ಕೊಳೀತಾವಲ್ಲ" ಎಂದರು.

"ಕೊಳೀಲಿ. ಹಲಗಿ ಹ್ವಾದ್ರ ಹಲಗಿ ತರಬಹುದು."

ಎದ್ದರು. ಬಾಗಿಲಿನವರೆಗೆ ಬರುವುದರೊಳಗೆ ಉಸಿರು ಹತ್ತಿ ಅಲ್ಲಲ್ಲಿ ನಿಂತರು. ಹೊಸ್ತಿಲಲ್ಲಿ ನಿಂತು ಬಕೆಟ್ಟಿನೊಳಗೆ ಕೈ ಅದ್ದಿದರು. ಎತ್ತಿದ ಕೈ ಎದೆಯ ಮಟ್ಟಕ್ಕೂ ಬರಲಿಲ್ಲ. ನೀರು ಅವರ ಸೀರೆಯ ಮೇಲೆ, ಪಾದದ ಮೇಲೆ ಚೆಲ್ಲಿತು. ಮತ್ತೊಮ್ಮೆ ಪ್ರಯತ್ನಿಸಿದರು, ಮತ್ತೆ ಹಾಗೆಯೇ ಆಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗಿನ ಕುರ್ಚಿ ತೋರಿಸಿದರು. "ನೀನ ಹೊಡಿ ಇನ್ನ. ನಾ ಇಲ್ಲೆ ಕುಂತ ನೋಡ್ತೀನಿ."

ಈಗ ದಿನಾ ಎರಚುವವಳೂ ನಾನೇ, ಭಾನುವಾರ ತಿಕ್ಕುವವಳೂ ನಾನೇ. ಅತ್ತೆ ಹೊಸ್ತಿಲ ಒಳಗೆ ಕೂತು, "ಆ ಮೂಲಿಗೆ ಬಿದ್ದಿಲ್ಲ ನೋಡು" ಎನ್ನುತ್ತಾರೆ. ಆ ಮೂಲೆಯ ಹಲಗೆ ಮೆತ್ತಗಾಗಿದ್ದು ನನ್ನ ಅಂಗಾಲಿಗೆ ಗೊತ್ತಾಗುತ್ತದೆ. ಆದರೂ ಇನ್ನೊಂದು ಬೊಗಸೆ ಹೊಡೆಯುತ್ತೇನೆ. ಅತ್ತೆ ಇನ್ನು ಅಲ್ಲಿ ಕಾಲಿಡುವುದಿಲ್ಲ. ಹಾಗಾಗಿ ಹಲಗೆ ಬದಲಾಯಿಸುವ ಅವಸರವೂ ನಮಗೆ ಯಾರಿಗೂ ಇಲ್ಲ.