ಹಾಯಾದ ನಿದ್ದೆ

ಯಜಮಾನರ ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಜನಕಪುರಿಯ ನಮ್ಮ ಮನೆಗೆ ವಾಪಸಾದ ಮೇಲೆ, ಸ್ನಾನ ಮಾಡಿ ಒಳಕೋಣೆಯಲ್ಲಿ ಸುಮ್ಮನೆ ಒರಗಿದೆ. ಹಾಗೇ ನಿದ್ದೆ ಹೋದೆ. ಮಗ್ಗುಲೂ ಬದಲಿಸದ, ಬಾಯಿ ತೆರೆದು ಮಲಗುವಂಥ ನಿದ್ದೆ.

ಎಚ್ಚರವಾದಾಗ ಯಾರೋ ಶಾಲು ಹೊದಿಸಿದ್ದರು. "ಪಾಪ, ಅತ್ತಿಗೆ ಅತ್ತು ಅತ್ತು ಪ್ರಜ್ಞೆ ತಪ್ಪಿದ ಹಾಗೆ ಬಿದ್ದಿದ್ದಾರೆ," ಎಂದು ನಾದಿನಿ ಬಾಗಿಲ ಬಳಿ ಪಿಸುಗುಟ್ಟುತ್ತಿದ್ದಳು. ನಾನು ಕಣ್ಣು ತೆರೆಯಲಿಲ್ಲ. ನಾನು ಅತ್ತೇ ಇರಲಿಲ್ಲ. ಮೈಯೆಲ್ಲ ಹಗುರಾಗಿ ಹಾಯೆನಿಸುತ್ತಿತ್ತು. ಚಿತೆಯ ಬೂದಿ ಇನ್ನೂ ಆರಿರಲಿಲ್ಲ, ನನಗೆ ಹಾಯೆನಿಸುತ್ತಿತ್ತು!

ಸೈನ್ಯದಿಂದ ನಿವೃತ್ತರಾದ ಮೇಲೆ ಅವರ ಶ್ವಾಸಕೋಶ ಕೆಟ್ಟಿತು. ಕಡೆಯ ವರ್ಷಗಳಲ್ಲಿ ಅವರ ಉಸಿರಿಗೆ ಕಿವಿಗೊಟ್ಟೇ ನಾನು ಮಲಗುತ್ತಿದ್ದೆ. ಆಕ್ಸಿಜನ್ ಯಂತ್ರ ಗುರುಗುಟ್ಟುತ್ತಿರಬೇಕು, ನಡುನಡುವೆ ಕೆಮ್ಮು ಕೇಳಬೇಕು. ಒಂದು ನಿಂತರೂ ದಡಬಡಿಸಿ ಏಳುತ್ತಿದ್ದೆ. "ಇನ್ನೂ ಇದ್ದೀನಿ ಮಾರಾಯ್ತಿ, ಮಲ್ಕೋ," ಎಂದು ನಗುತ್ತಿದ್ದರು.

ಬಂದವರೆಲ್ಲ ನನ್ನ ಸೇವೆಯನ್ನು ಹೊಗಳಿದರು. ನಾನು ತಲೆ ತಗ್ಗಿಸಿದರೆ ಅದನ್ನೂ ದುಃಖವೆಂದುಕೊಂಡರು. ದಿನಗಳು ಕಳೆದರೂ ನಿದ್ದೆ ಬರುತ್ತಲೇ ಇತ್ತು. ಬೆಳಿಗ್ಗೆ ಏಳುವಾಗ ಮಾತ್ರ, ಯಜಮಾನರಿಂದ ಏನನ್ನೋ ಕಸಿದುಕೊಂಡವಳಂತೆ ನಾಚಿಕೆಯಾಗುತ್ತಿತ್ತು.

ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಭಾನುವಾರ ಗುರುಗ್ರಾಮದಿಂದ ಮಗಳು ಬಂದಳು. ನನ್ನ ಮುಖ ನೋಡಿ, "ಅಮ್ಮಾ, ನೀನು ಫ್ರೆಶ್ ಕಾಣ್ತಿದ್ದೀಯ," ಎಂದಳು. ಕಪಾಳಕ್ಕೆ ಹೊಡೆದಂತಾಯಿತು. ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಹೆತ್ತ ಮಗಳೇ ನನ್ನನ್ನು ಕಂಡು ಅಸಹ್ಯಪಡಲಿ ಎಂದೂ ಅನಿಸಿತ್ತು.

ಅವಳು ನನ್ನ ಪಕ್ಕಕ್ಕೆ ಬಂದು ಕೂತಳು. ಆಮೇಲೆ, "ನಂಗೂ ಹಾಗೇ ಅನ್ನಿಸ್ತಿದೆ ಅಮ್ಮಾ," ಎಂದಳು. "ಮೀಟಿಂಗಲ್ಲಿ ನಿನ್ನ ಫೋನ್ ಬಂದ್ರೆ ಪಪ್ಪಂಗೆ ಏನಾಯ್ತೋ ಅಂತ ಎದ್ದು ಹೊರಗೆ ಓಡ್ತಿದ್ದೆ. ಅಬ್ ಡರ್ ನಹೀ ಲಗ್ತಾ, ಈಗ ಆ ಭಯ ಇಲ್ಲ. ಅದಕ್ಕೇ ಪಪ್ಪನ ಫೋಟೋ ನೋಡೋಕಾಗಲ್ಲ ನಂಗೆ."

ನಾನು ಅವಳನ್ನು ಸಮಾಧಾನಪಡಿಸಲಿಲ್ಲ, ಅವಳೂ ನನ್ನನ್ನು ಸಮಾಧಾನಪಡಿಸಲಿಲ್ಲ. "ಚಲೋ, ಏನಾದ್ರೂ ತಿನ್ನೋಣ," ಎಂದು ಎಬ್ಬಿಸಿದಳು.

ಮಾರ್ಕೆಟ್ಟಿನ ಅಂಗಡಿಗೆ ಹೋಗಿ ಕೂತು ಛೋಲೆ ಭಟೂರೆ ತರಿಸಿಕೊಂಡೆವು. ಅವರ ಪಥ್ಯದಿಂದಾಗಿ ನಮ್ಮ ಮನೆಯಲ್ಲಿ ಎಣ್ಣೆ ಕಾಯಿಸಿಯೇ ಎಷ್ಟೋ ಕಾಲವಾಗಿತ್ತು. ಇಬ್ಬರೂ ಹಸಿದವರಂತೆ ತಿಂದೆವು. ಎರಡನೆಯ ಭಟೂರೆ ಮುರಿಯುವಾಗ ಮಗಳು, "ಪಪ್ಪಂಗೆ ಇದು ಎಷ್ಟು ಆಸೆ ಇತ್ತಲ್ಲ. ನಾವು ಕೊಡ್ಲೇ ಇಲ್ಲ," ಎಂದಳು.

ಆಗ ಅಳು ಬಂತು. ಮಸಣದಲ್ಲಿ ಬಾರದ್ದು, ಅಷ್ಟು ಜನರ ನಡುವೆ, ಕೈಯಲ್ಲಿ ಎಣ್ಣೆ ಜಿಡ್ಡಿರುವಾಗ ಬಂತು. ಮಗಳೂ ಬಿಕ್ಕಿದಳು. ಅಂಗಡಿಯ ಭಯ್ಯಾ ಎರಡು ಲೋಟ ನೀರು ತಂದಿಟ್ಟು ಏನೂ ಕೇಳದೆ ಹೋದ. ಕಣ್ಣೊರೆಸಿಕೊಂಡು ನೋಡಿದರೆ ಹಸಿವು ಇನ್ನೂ ಹಾಗೇ ಇತ್ತು. ತಪ್ಪು ಮಾಡುತ್ತಿದ್ದೇನೆ ಎನಿಸುತ್ತಲೇ ನಾನು ತಟ್ಟೆ ಖಾಲಿ ಮಾಡಿದೆ.